ಸುಣ್ಣದ ಮೇಲಿನ ನಂಬಿಕೆ: ವಿಷ ಬಿದ್ದ ಮಣ್ಣು ಮತ್ತು ಬಾವಿಯ ನೀರಿನ ಚರಿತ್ರೆ

1. ಪ್ರವೇಶ

ಕನ್ನಡ ಜಾನಪದ ಅಧ್ಯಯನದಲ್ಲಿ ಮಣ್ಣು ಮತ್ತು ನೀರಿಗೆ ಸಂಬಂಧಿಸಿದ ಆಚರಣೆಗಳಿಗೆ ದೊಡ್ಡ ಸ್ಥಾನವಿದೆ. ಗಂಗೆಪೂಜೆ, ಹುತ್ತದ ಆರಾಧನೆ, ಭೂಮಿ ಹುಣ್ಣಿಮೆ, ಬಾವಿ ತೋಡುವ ಮುನ್ನ ಮಾಡುವ ಪೂಜೆ ಮೊದಲಾದವುಗಳನ್ನು ವಿದ್ವಾಂಸರು ವಿವರವಾಗಿ ದಾಖಲಿಸಿದ್ದಾರೆ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅದೇ ಮಣ್ಣಿಗೆ ಕೀಟನಾಶಕಗಳು ಬಂದು ಸೇರಿದಾಗ ಜನಪದರ ತಿಳಿವಳಿಕೆ ಅದನ್ನು ಹೇಗೆ ಎದುರುಗೊಂಡಿತು, ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದೂ ಜಾನಪದದ ಪ್ರಶ್ನೆಯೇ ಆಗಿದೆ. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಸುಣ್ಣ ಎಂಬ ಒಂದೇ ವಸ್ತುವಿನ ಮೂಲಕ ಪರಿಶೀಲಿಸಲು ಯತ್ನಿಸಲಾಗಿದೆ.

ಇದಕ್ಕೆ ಪ್ರೇರಣೆ ಗ್ರಂಥವಲ್ಲ, ಒಂದು ಬಾವಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿದ್ದ ನಮ್ಮ ಅಜ್ಜಿಯ ಮನೆಯ ಹಿತ್ತಿಲಲ್ಲಿ ಕಲ್ಲು ಕಟ್ಟಿದ ಸೇದುವ ಬಾವಿಯಿತ್ತು. 1990ರ ಸುಮಾರಿಗೆ ಮನೆಯ ಬಾಗಿಲವಾಡಗಳಿಗೆ ಗೆದ್ದಲು ಹತ್ತಿತು. ಮದ್ದು ಹೊಡೆಯುವವರು ಬಂದು ಗೋಡೆಯ ಬುಡದುದ್ದಕ್ಕೂ ಕಬ್ಬಿಣದ ಸಲಾಕೆಯಿಂದ ತೂತು ಮಾಡಿ, ಹಾಲಿನಂತೆ ಬೆಳ್ಳಗಿದ್ದ ದ್ರಾವಣವನ್ನು ಸುರಿದು ಹೋದರು. ಅದರ ಹೆಸರು ಆಲ್ಡ್ರಿನ್ ಎಂಬುದು ಡಬ್ಬಿಯ ಮೇಲಿನಿಂದ ನಮಗೆ ತಿಳಿಯಿತು. ಗೋಡೆಗೂ ಬಾವಿಗೂ ನಡುವೆ ಇದ್ದುದು ಏಳೆಂಟು ಅಡಿ. ಆ ಸಂಜೆ ಅಜ್ಜಿ ಒಂದು ಬುಟ್ಟಿ ಸುಟ್ಟ ಸುಣ್ಣ ತರಿಸಿ ಬಾವಿಗೆ ಹಾಕಿಸಿದರು. ಮೂರು ದಿನ ನೀರು ಸೇದಬಾರದೆಂದರು. ನಾಲ್ಕನೆಯ ದಿನ ಎಲ್ಲರೂ ಅದೇ ನೀರನ್ನು ಬಳಸಿದೆವು. ನಲ್ಲಿ ಕೈಕೊಟ್ಟ ದಿನಗಳಲ್ಲಿ ಕುಡಿದೆವು ಕೂಡ. ನೀರನ್ನು ಯಾರೂ ಪರೀಕ್ಷಿಸಲಿಲ್ಲ. ಸುಣ್ಣ ಹಾಕಿದ ಮೇಲೆ ಪರೀಕ್ಷೆಯ ಅಗತ್ಯವಿದೆ ಎಂದು ಯಾರಿಗೂ ಅನ್ನಿಸಲಿಲ್ಲ.

ಅಜ್ಜಿಯ ಈ ನಂಬಿಕೆ ಬರಿಯ ಮೂಢನಂಬಿಕೆಯೆ? ಅಥವಾ ಒಂದು ಕಾಲದಲ್ಲಿ ನಿಜವಾಗಿದ್ದ ಅರಿವು, ಬದಲಾದ ವಿಷದ ಮುಂದೆ ಕೈಸೋತದ್ದೆ? ಇದಕ್ಕೆ ಉತ್ತರ ಹುಡುಕಬೇಕಾದರೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗಬೇಕಾಗುತ್ತದೆ.

2. ಜನಪದರ ಎರಡು ಶೋಧಕಗಳು

ನಮ್ಮ ಮನೆಗಳಲ್ಲಿ ನೀರನ್ನು ಶುದ್ಧಗೊಳಿಸಲು ಬಳಸುತ್ತಿದ್ದ ವಸ್ತುಗಳಲ್ಲಿ ಸುಣ್ಣ ಮತ್ತು ಇದ್ದಿಲು ಮುಖ್ಯವಾದವು. ಬಾವಿಯ ಹೂಳು ತೆಗೆದ ಮೇಲೆ ಸುಣ್ಣ ಹಾಕುವುದು, ಮಳೆಗಾಲದಲ್ಲಿ ಕದಡಿದ ನೀರನ್ನು ಒಂದರ ಮೇಲೊಂದಿಟ್ಟ ಮಡಕೆಗಳಲ್ಲಿ ಮರಳು ಮತ್ತು ಇದ್ದಿಲಿನ ಮೂಲಕ ಇಳಿಸುವುದು ವ್ಯಾಪಕವಾಗಿ ರೂಢಿಯಲ್ಲಿದ್ದ ಕ್ರಮಗಳು.

ಇವೆರಡರಲ್ಲಿ ಸುಣ್ಣಕ್ಕೆ ಆಚರಣೆಯ ಮಾನ್ಯತೆಯೂ ಇದೆ. ಅರಿಸಿನಕ್ಕೆ ಸುಣ್ಣ ಬೆರೆಸಿದಾಗ ನೀರು ಕೆಂಪಾಗುತ್ತದೆ. ಆ ಕೆಂಪು ನೀರಿನ ಆರತಿಯಿಂದ ದೃಷ್ಟಿ ನಿವಾಳಿಸಲಾಗುತ್ತದೆ. ಕ್ಷಾರ ತಾಗಿದರೆ ಅರಿಸಿನದ ಬಣ್ಣ ಬದಲಾಗುತ್ತದೆ ಎಂಬ ರಸಾಯನಶಾಸ್ತ್ರದ ಸತ್ಯ ಇಲ್ಲಿ ಆಚರಣೆಯ ರೂಪದಲ್ಲಿ ಉಳಿದುಬಂದಿದೆ. ಮನೆಯ ಗೋಡೆಗೆ, ತಾಂಬೂಲಕ್ಕೆ, ಕಣಜ ಕಚ್ಚಿದ ಜಾಗಕ್ಕೆ, ಇರುವೆಯ ಸಾಲಿಗೆ ಹೀಗೆ ಹಲವೆಡೆ ಸುಣ್ಣ ಒದಗುತ್ತದೆ. ಕೆಟ್ಟದ್ದನ್ನು ತಡೆಯುವ ವಸ್ತು ಎಂಬ ಭಾವನೆ ಇಷ್ಟೊಂದು ಬಳಕೆಗಳ ನಡುವೆ ಗಟ್ಟಿಯಾದುದು ಸಹಜವೇ ಆಗಿದೆ. ಇದ್ದಿಲಿಗೆ ಇಂತಹ ಗೌರವ ದೊರೆಯಲಿಲ್ಲ. ಅದು ಒಲೆಯ ಬದಿಯ ಕಪ್ಪು ವಸ್ತುವಾಗಿಯೇ ಉಳಿಯಿತು. ಈ ತಾರತಮ್ಯ ಮುಂದಿನ ಚರ್ಚೆಗೆ ಮುಖ್ಯವಾಗುತ್ತದೆ.

3. ಕೊಳೆರೋಗ ಮತ್ತು ಮೈಲುತುತ್ತ

ಸುಣ್ಣ ಮತ್ತು ಆಧುನಿಕ ರೋಗನಾಶಕ ನಮ್ಮಲ್ಲಿ ಮೊದಲು ದೊಡ್ಡದಾಗಿ ಕೂಡಿದುದು ಅಡಿಕೆ ತೋಟದಲ್ಲಿ. ಮುಂಗಾರಿನ ಬಿರುಮಳೆಯಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ರೋಗಕ್ಕೆ ಮಲೆನಾಡಿನ ಜನ ಕೊಳೆರೋಗ ಎಂದು ಕರೆದರು. ಈ ಪದ ಹಾಗೆಯೇ ಜಗತ್ತಿನ ಸಸ್ಯರೋಗ ವಿಜ್ಞಾನದ ಪರಿಭಾಷೆಗೆ ಸೇರಿದೆ. 1876ರಲ್ಲಿಯೇ ಕಾಫಿಯ ಒಂದು ರೋಗಕಾರಕ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಕುಕ್ ಅವರು ಕೊಟ್ಟ ಲ್ಯಾಟಿನ್ ಹೆಸರಿನಲ್ಲಿ ‘ಕೊಳೆರೋಗ’ ಎಂಬ ಕನ್ನಡ ಪದವಿದೆ. ರೋಗವನ್ನು ತಡೆಯಲು ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯಿತ್ತು. ಮಳೆಯ ನೀರು ಗೊನೆಗೆ ತಾಗದಂತೆ ಮಾಡುವುದೇ ಅದರ ತತ್ವ.

ಕೆನಡಾ ದೇಶದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ ಹೆಬ್ಬಾಳದ ಕೃಷಿ ಶಿಕ್ಷಣಕ್ಕೂ ಅಡಿಪಾಯ ಹಾಕಿದ ಅವರು, ಕೊಳೆರೋಗದ ಬಗೆಗಿನ ತಮ್ಮ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಪರಿಹಾರವಾಗಿ ರೂಢಿಗೆ ತಂದರು. ಬೆಂಗಳೂರಿನ ಕಚೇರಿಯಿಂದ ಹೊರಟ ಈ ಸಲಹೆ ಒಂದೆರಡು ತಲೆಮಾರುಗಳಲ್ಲಿ ಮಲೆನಾಡು ಮತ್ತು ಕರಾವಳಿಯ ತೋಟಗಳ ವಾರ್ಷಿಕ ಆಚರಣೆಯಂತೆಯೇ ಆಯಿತು. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಬಳಿಕ ಇನ್ನೊಮ್ಮೆ ಮದ್ದು ಹೊಡೆಯುವ ಕ್ರಮ ಇಂದಿಗೂ ಮುಂದುವರಿದಿದೆ.

ಬೋರ್ಡೋ ದ್ರಾವಣದ ಹುಟ್ಟಿನಲ್ಲಿಯೂ ಜನಪದರ ಪಾಲಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ಮಿಶ್ರಣವನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದಿರುವುದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಶಾಸ್ತ್ರೀಯವಾಗಿ ಪ್ರಕಟಿಸಿದರು.

ಇದರ ತಯಾರಿಕೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕರಗಿಸಿ ಅನಂತರ ಕೂಡಿಸಬೇಕು. ಬೆರೆಸಿದ ಮೇಲೆ ಹರಿತವಾದ, ತುಕ್ಕಿಲ್ಲದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡುಗಡೆಯಾಗಿಯೇ ಇದೆ ಎಂದು ಅರ್ಥ. ಇನ್ನಷ್ಟು ಸುಣ್ಣ ಬೇಕು. ಲೇಪ ಕಾಣದಿದ್ದರೆ ಮದ್ದು ಸರಿಯಾಗಿದೆ. ಅಕ್ಷರ ಬಾರದ ಕೊನೆಗಾರನೂ ಮಾಡಬಲ್ಲ ಈ ಪರೀಕ್ಷೆ ಪ್ರಯೋಗಶಾಲೆ ಮತ್ತು ತೋಟ ಒಂದಾದುದಕ್ಕೆ ಉತ್ತಮ ಉದಾಹರಣೆಯಾಗಿದೆ.

ಇಲ್ಲಿ ಸುಣ್ಣ ಮಾಡುವ ಕೆಲಸವೇನು? ಬರಿಯ ಮೈಲುತುತ್ತ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಎಳೆಯ ಕಾಯಿಯನ್ನು ಸುಡುತ್ತದೆ, ಮೊದಲ ಮಳೆಗೇ ತೊಳೆದುಹೋಗುತ್ತದೆ. ಸುಣ್ಣ ಸೇರಿದಾಗ ತಾಮ್ರ ಕರಗದ ರೂಪಕ್ಕೆ ತಿರುಗಿ ಗೊನೆಗೆ ಅಂಟಿಕೊಂಡು ಕೂರುತ್ತದೆ. ಅರ್ಥಾತ್, ವಿಷವನ್ನು ನೀರಿನ ಜೊತೆ ಹೋಗಲು ಬಿಡದೆ ಹಿಡಿದಿಡುವುದೇ ಸುಣ್ಣದ ಕೆಲಸ.

ಗೊನೆಯ ಮೇಲೆ ನಡೆಯುವುದೇ ಮಣ್ಣಿನಲ್ಲಿಯೂ ನಡೆಯುತ್ತದೆ. ಮೈಲುತುತ್ತದ ಕಾಲುಭಾಗದಷ್ಟು ತಾಮ್ರವಾದ್ದರಿಂದ ಪ್ರತಿ ನೂರು ಲೀಟರ್ ದ್ರಾವಣದಲ್ಲಿ ಸುಮಾರು 250 ಗ್ರಾಂ ತಾಮ್ರವಿರುತ್ತದೆ. ಅದರ ಬಹುಪಾಲು ಕಾಲಕ್ರಮದಲ್ಲಿ ತೋಟದ ನೆಲಕ್ಕೇ ಇಳಿಯುತ್ತದೆ. ತಾಮ್ರ ಲೋಹವಾದುದರಿಂದ ಅದು ಕೊಳೆಯುವುದಿಲ್ಲ, ಒಡೆಯುವುದಿಲ್ಲ. ದಶಕಗಟ್ಟಲೆ ಮದ್ದು ಕಂಡ ತೋಟಗಳ ಮೇಲ್ಮಣ್ಣಿನಲ್ಲಿ ಅದು ಶೇಖರವಾಗುತ್ತಾ ಹೋಗಿ ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಹಾನಿ ಮಾಡಬಲ್ಲದು. ಆದರೂ ಅದು ಸುಲಭವಾಗಿ ಬಾವಿಗೆ ಇಳಿಯದಿರುವುದಕ್ಕೆ ಎರಡು ಕಾರಣಗಳಿವೆ. ಸೊಪ್ಪು, ಗೊಬ್ಬರಗಳಿಂದ ಬಂದ ಸಾವಯವ ಅಂಶ ತಾಮ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಸುಣ್ಣ ಮಣ್ಣಿನ ಹುಳಿಯನ್ನು ತಗ್ಗಿಸಿ ತಾಮ್ರವನ್ನು ಕರಗದಂತೆ ನೋಡಿಕೊಳ್ಳುತ್ತದೆ. ಆದ್ದರಿಂದ ತಾಮ್ರದ ವಿಷಯದಲ್ಲಿ ಅಜ್ಜಿಯ ನಂಬಿಕೆ ಅಕ್ಷರಶಃ ಸತ್ಯ.

ಆದರೆ ಒಂದು ಷರತ್ತಿದೆ. ಈ ಹಿಡಿತ ಶಾಶ್ವತವಲ್ಲ. ಮಲೆನಾಡಿನ ಭಾರಿ ಮಳೆ ಸುಣ್ಣದ ಅಂಶವನ್ನು ತೊಳೆಯುತ್ತಲೇ ಇರುತ್ತದೆ, ಯೂರಿಯಾದಂತಹ ಗೊಬ್ಬರಗಳು ಮಣ್ಣನ್ನು ಮತ್ತೆ ಹುಳಿಗೊಳಿಸುತ್ತವೆ. ಹುಳಿ ಹೆಚ್ಚಿದಂತೆ ತಾಮ್ರ ಮತ್ತೆ ಕರಗತೊಡಗುತ್ತದೆ. ಹಾಗಾಗಿ ಸುಣ್ಣವನ್ನು ಕಾಲಕಾಲಕ್ಕೆ ಮತ್ತೆ ಕೊಡುತ್ತಿರಬೇಕು.

4. ಬಡಾವಣೆಯ ಬಾವಿ, ಗೆದ್ದಲಿನ ಮದ್ದು

ಇನ್ನು ಬೆಂಗಳೂರಿನ ಹಿತ್ತಿಲಿಗೆ ಮರಳಬಹುದು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳು 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ಬಳಿಕ ತುಂಬಿಕೊಂಡ ಬಡಾವಣೆಗಳು. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿ ನೀರು ನಗರಕ್ಕೆ ಬಂದವು. ಒಂದೊಂದು ಯೋಜನೆ ಬಂದಾಗಲೂ ಹಿತ್ತಿಲ ಬಾವಿಗಳ ಮಹತ್ವ ಒಂದು ಮೆಟ್ಟಿಲು ಇಳಿಯಿತು. ಕುಡಿಯುವ ನೀರಾಗಿದ್ದುದು ಪಾತ್ರೆ ತೊಳೆಯುವ ನೀರಾಯಿತು, ಕೊನೆಗೆ ಗಿಡಗಳ ನೀರಾಯಿತು. ಹಲವು ಬಾವಿಗಳು ಮುಚ್ಚಿಹೋದವು.

ಬಾವಿಯ ಮೇಲಿನ ಎಚ್ಚರ ತಗ್ಗಿದ ಈ ಕಾಲದಲ್ಲಿಯೇ ಗೆದ್ದಲಿನ ರಾಸಾಯನಿಕಗಳು ಮನೆಗಳ ಬುಡಕ್ಕೆ ಬಂದವು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ಸಮಾಜವೇ ಅದೇ ಹುತ್ತ ಕಟ್ಟುವ ಗೆದ್ದಲಿಗೆ ಗೋಡೆಯ ಬುಡದಲ್ಲಿ ವಿಷವೆರೆಯಿತು. ಇದರಲ್ಲಿ ವ್ಯಂಗ್ಯಕ್ಕಿಂತ ಮನೆ ಉಳಿಸಿಕೊಳ್ಳುವ ಅನಿವಾರ್ಯವಿತ್ತು. ಕಟ್ಟಡಗಳ ಗೆದ್ದಲು ನಿವಾರಣೆಗೆ ಭಾರತೀಯ ಮಾನಕ 1971ರಲ್ಲಿಯೇ ರೂಪುಗೊಂಡಿತ್ತು. ಅಡಿಪಾಯದ ಮಣ್ಣಿಗೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಮೊದಲಾದುವನ್ನು ಉಣಿಸಿ ವಿಷದ ಗೋಡೆಯೊಂದನ್ನು ನಿರ್ಮಿಸುವುದು ಅದರ ವಿಧಾನ. ಕುಡಿಯುವ ನೀರಿನ ಬಾವಿಗೆ ಮದ್ದು ತಲುಪದಂತೆ ಎಚ್ಚರ ವಹಿಸಬೇಕೆಂಬ ಸೂಚನೆಯೂ ಅದರಲ್ಲಿತ್ತು. ಆದರೆ ಸೂಚನೆ ಪುಸ್ತಕದಲ್ಲಿತ್ತು, ಸಲಾಕೆ ಕೂಲಿಯವನ ಕೈಯಲ್ಲಿತ್ತು.

ಈ ರಾಸಾಯನಿಕಗಳನ್ನು ಆರಿಸಿದ್ದೇ ಅವು ಬಹುಕಾಲ ಬಾಳುತ್ತವೆ ಎಂಬ ಕಾರಣಕ್ಕೆ. ಆಲ್ಡ್ರಿನ್ ಮಣ್ಣಿನಲ್ಲಿ ಡೈಎಲ್ಡ್ರಿನ್ ಆಗಿ ಮಾರ್ಪಡುತ್ತದೆ. ಅದು ಇನ್ನೂ ಗಟ್ಟಿ. ಬಿಸಿಲು ಗಾಳಿ ಕಾಣದ ಗೋಡೆಯಡಿಯ ಮಣ್ಣಿನಲ್ಲಿ ಅದರ ಆಯುಷ್ಯವನ್ನು ವರ್ಷಗಳಲ್ಲಿ, ದಶಕಗಳಲ್ಲಿ ಎಣಿಸಬೇಕು. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿಯೆಂದರೆ, ಆಲ್ಡ್ರಿನ್ ಮತ್ತು ಡೈಎಲ್ಡ್ರಿನ್‌ಗಳೆರಡೂ ಕ್ಷಾರಕ್ಕೆ ಜಗ್ಗುವುದಿಲ್ಲ. ಬುಟ್ಟಿಯಲ್ಲ, ಗಾಡಿ ಸುಣ್ಣ ಹಾಕಿದ್ದರೂ ಅವು ಒಡೆಯುತ್ತಿರಲಿಲ್ಲ. ಅಜ್ಜಿಯ ಮದ್ದು ತಾಮ್ರದ ಜಾತಿಯ ವಿಷಕ್ಕೆ ತಕ್ಕುದಾಗಿತ್ತು. ಬಂದಿದ್ದ ವಿಷದ ಜಾತಿಯೇ ಬೇರೆಯಾಗಿತ್ತು.

ಈ ಜಾತಿಯ ವಿಷಕ್ಕೆ ತಕ್ಕ ಮದ್ದು ಅಜ್ಜಿಯ ಒಲೆಯ ಬದಿಯಲ್ಲಿಯೇ ಇತ್ತೆಂಬುದು ಗಮನಾರ್ಹ. ಅದೇ ಇದ್ದಿಲು. ಡೈಎಲ್ಡ್ರಿನ್‌ನಂತಹ ರಾಸಾಯನಿಕಗಳು ನೀರನ್ನು ಒಲ್ಲವು. ಇಂಗಾಲದ ಮೈಯನ್ನು ಹುಡುಕಿ ಅಂಟಿಕೊಳ್ಳುತ್ತವೆ. ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳಿರುವ ಸಕ್ರಿಯ ಇದ್ದಿಲನ್ನು ಮಣ್ಣಿಗೆ ಬೆರೆಸಿದರೆ ಅವು ಅದರಲ್ಲಿ ಸಿಕ್ಕಿಕೊಂಡು ಬಸಿಯುವ ನೀರಿಗೆ ಬಿಡುಗಡೆಯಾಗುವುದು ಬಹಳ ತಗ್ಗುತ್ತದೆ. ಹಳೆಯ ಡೈಎಲ್ಡ್ರಿನ್ ಉಳಿದಿದ್ದ ಜಪಾನಿನ ತರಕಾರಿ ಹೊಲಗಳ ಮಣ್ಣಿಗೆ ಸಕ್ರಿಯ ಇದ್ದಿಲು ಸೇರಿಸಿದಾಗ ಸೌತೆಯ ಬಳ್ಳಿ ಹೀರುವ ವಿಷದ ಪ್ರಮಾಣ ಇಳಿದುದನ್ನು ಅಲ್ಲಿನ ಸಂಶೋಧಕರು ತೋರಿಸಿದ್ದಾರೆ. ಭಾರತದಲ್ಲಿ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳು 1996ರಲ್ಲಿ ನಿಷೇಧಕ್ಕೊಳಗಾದವು. ಆದರೆ ನಿಷೇಧ ಅಂಗಡಿಗೆ ಅನ್ವಯಿಸುತ್ತದೆ. ಅದಾಗಲೇ ಮಣ್ಣಿಗಿಳಿದುದಕ್ಕೆ ಅನ್ವಯಿಸುವುದಿಲ್ಲ.

5. ಗೇರು ಗುಡ್ಡ ಮತ್ತು ಸುರಂಗದ ನೀರು

ತಾಮ್ರದಲ್ಲಿ ಸುಣ್ಣ ಗೆದ್ದಿತು, ಆಲ್ಡ್ರಿನ್‌ನಲ್ಲಿ ಸೋತಿತು. ಈ ಎರಡರ ನಡುವೆ ನಿಲ್ಲುವ ಮೂರನೆಯ ವಿಷವೊಂದಿದೆ. ಅದರ ಚರಿತ್ರೆ ಕನ್ನಡ ನಾಡಿನ ಗಡಿಯಾದ ಕಾಸರಗೋಡಿನಲ್ಲಿ ನಡೆದಿದೆ.

ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳು ಮುರಕಲ್ಲಿನವು. ಇಲ್ಲಿನ ಜನ ಗುಡ್ಡದ ಮಗ್ಗುಲಿಗೆ ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಸುರಂಗವನ್ನು ಪಿಕ್ಕಾಸಿಯಿಂದ ಅಡ್ಡಲಾಗಿ ಕೊರೆದು, ಮಣ್ಣಿನೊಳಗೆ ಬಸಿಯುವ ನೀರನ್ನು ಮನೆಗೂ ತೋಟಕ್ಕೂ ತರುತ್ತಾರೆ. ಒಳಗೆ ದೀಪ ಆರಿದರೆ ಉಸಿರುಗಾಳಿ ಸಾಲದೆಂದು ತಿಳಿದು ಹೊರಬರುತ್ತಾರೆ. ಹಗ್ಗವಾಗಲಿ ಪಂಪಾಗಲಿ ಬೇಡ. ನೀರು ತಾನೇ ಹರಿದು ಬರುತ್ತದೆ. ಸುರಂಗವೆಂದರೆ ಬಸಿಯುವ ನೀರಿನ ಮೇಲೆ ಕಟ್ಟಿಕೊಂಡ ಬದುಕು. ಗುಡ್ಡದ ತಲೆಯ ಮೇಲೆ ಬಿದ್ದುದು ಗುಡ್ಡದ ಬುಡದ ಕೊಡಕ್ಕೆ ಬರುತ್ತದೆ ಎಂಬ ಅರಿವೇ ಅದರ ಆಧಾರ.

ಇಂತಹ ಗುಡ್ಡಗಳ ತಲೆಯ ಮೇಲೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್‌ನ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳಿದ್ದವು. ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ನೆಯ ಇಸವಿಯವರೆಗೆ ಅವುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕರ್ನಾಟಕದಲ್ಲಿಯೂ ಬೆಳ್ತಂಗಡಿಯ ಪಟ್ರಮೆ, ಕೊಕ್ಕಡ ಮೊದಲಾದ ಗ್ರಾಮಗಳ ಗೇರು ತೋಟಗಳಿಗೆ ಇದೇ ವಿಷ ಇದೇ ರೀತಿಯಲ್ಲಿ ಇಳಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಅಂಗವೈಕಲ್ಯದ ಕರುಗಳು ಹುಟ್ಟಿದುದನ್ನು ಪತ್ರಕರ್ತ ಶ್ರೀಪಡ್ರೆಯವರು ಬಹಳ ಮೊದಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜವಾದುದನ್ನು ಗುರುತಿಸಿದರು. ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಪ್ರಮಾಣ ಇತರೆಡೆಯ ಮಕ್ಕಳಿಗಿಂತ ಹೆಚ್ಚಾಗಿರುವುದನ್ನು ಕಂಡಿತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಅದೇ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಈ ವಿಷದ ಮುಂದೆ ಸುಣ್ಣದ ಸ್ಥಿತಿ ಏನು? ಎಂಡೋಸಲ್ಫಾನ್ ಕ್ಷಾರಕ್ಕೆ ಒಡೆಯುತ್ತದೆ. ಕಡಿಮೆ ವಿಷದ ಇನ್ನೊಂದು ರೂಪಕ್ಕೆ ಇಳಿಯುತ್ತದೆ. ಆದ್ದರಿಂದ ಡಬ್ಬಿಯಲ್ಲಿ, ತೊಟ್ಟಿಯಲ್ಲಿ ಇರುವುದನ್ನು ಕ್ಷಾರದಿಂದ ನಿರ್ವಿಷಗೊಳಿಸುವ ಮಾತಿಗೆ ಆಧಾರವಿದೆ. ಆದರೆ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬೇರೊಂದು ದಾರಿಯಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ. ಅದರ ವಿಷ ಮೂಲ ವಸ್ತುವಿನಷ್ಟೇ, ಬಾಳಿಕೆ ಅದಕ್ಕಿಂತ ಹೆಚ್ಚು. ಮುರಕಲ್ಲಿನ ಮಣ್ಣು ಹುಳಿ ಗುಣದ್ದು. ಕ್ಷಾರದ ಕೆಲಸ ನಡೆಯುವಷ್ಟು ಅದನ್ನು ಬದಲಿಸಬೇಕಾದರೆ ಬೇಕಾಗುವ ಸುಣ್ಣ ಗುಡ್ಡದ ಬೆಳೆಯನ್ನೂ ಜೀವಜಾಲವನ್ನೂ ಕೆಡಿಸುವಷ್ಟಾಗುತ್ತದೆ. ಅಲ್ಲದೆ ಎಂಡೋಸಲ್ಫಾನ್ ನೀರಿನಲ್ಲಿ ಕರಗಿ ಇಳಿಯುವುದಕ್ಕಿಂತ ಮಣ್ಣಿನ ಕಣಗಳಿಗೆ ಅಂಟಿ ಮಳೆಯ ಹರಿವಿನೊಂದಿಗೆ ಸಾಗುವುದೇ ಹೆಚ್ಚು. ಬಿರುಕು, ರಂಧ್ರಗಳಿಂದ ಕೂಡಿದ ಮುರಕಲ್ಲಿನಲ್ಲಿ ಅಂತಹ ಕಣಗಳಿಗೆ ದಾರಿಗಳು ಹಲವು. ಹೀಗಾಗಿ ಇಂತಹ ಗುಡ್ಡಗಳಲ್ಲಿ ಮಣ್ಣಿನ ಸವಕಳಿಯನ್ನು ತಡೆಯುವುದು, ಇಳಿಜಾರಿಗೆ ಹಸಿರು ಹೊದಿಸುವುದು ಯಾವ ರಾಸಾಯನಿಕ ಚಿಕಿತ್ಸೆಗೂ ಕಡಿಮೆಯಾದುದಲ್ಲ.

ಎಲ್ಲಕ್ಕಿಂತ ಕಠಿಣವಾದುದು ಉಳಿದ ವಿಷದ ಪ್ರಶ್ನೆ. ಗೋದಾಮುಗಳ ತುಕ್ಕು ಹಿಡಿದ ಬ್ಯಾರೆಲ್‌ಗಳಿಂದ ಎಂಡೋಸಲ್ಫಾನನ್ನು 2012ರಲ್ಲಿ ಹೊಸ ಪ್ಲಾಸ್ಟಿಕ್ ಬ್ಯಾರೆಲ್‌ಗಳಿಗೆ ವರ್ಗಾಯಿಸಲಾಯಿತು. ಮಿಂಚಿನಪದವು ಗುಡ್ಡದ ಪಾಳುಬಾವಿಯೊಂದರಲ್ಲಿ ವಿಷವನ್ನು ಹೂಳಲಾಗಿದೆ ಎಂಬ ಸ್ಥಳೀಯರ ಮಾತು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ, 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಅಲ್ಲಿಗೆ ಬಂದಿತು. ಜಾನಪದ ವಿದ್ಯಾರ್ಥಿ ಇಲ್ಲಿ ಗಮನಿಸಬೇಕಾದುದೆಂದರೆ, ಅಧಿಕಾರಿಗಳನ್ನು ಆ ಬಾವಿಯ ಬಳಿಗೆ ಕರೆತಂದುದು ಕೆಲಸಗಾರರ ಮತ್ತು ನೆರೆಹೊರೆಯವರ ಬಾಯಿಮಾತು. ಮೌಖಿಕ ಪರಂಪರೆಯೆಂದರೆ ಲಾವಣಿ, ಪಾಡ್ದನಗಳಷ್ಟೇ ಅಲ್ಲ. ಎಲ್ಲಿ ಏನನ್ನು ಹೂಳಲಾಯಿತು ಎಂಬುದೂ ಅದರೊಳಗೇ ಸೇರುತ್ತದೆ.

6. ಹಿಡಿದಿಡುವುದು ಮತ್ತು ನೆನಪಿಡುವುದು

ಈ ಮೂರು ನಿದರ್ಶನಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಎಲ್ಲ ವಿಷಕ್ಕೂ ಒಂದೇ ಮದ್ದಿಲ್ಲ. ತಾಮ್ರಕ್ಕೆ ಸುಣ್ಣ ಮತ್ತು ಸಾವಯವ ಅಂಶ, ಡೈಎಲ್ಡ್ರಿನ್‌ಗೆ ಇದ್ದಿಲು, ಎಂಡೋಸಲ್ಫಾನಿಗೆ ಇದ್ದಲ್ಲಿ ಕ್ಷಾರ, ಗುಡ್ಡದಲ್ಲಿ ಮಣ್ಣಿನ ರಕ್ಷಣೆ. ಗೊಬ್ಬರವನ್ನು ಕೂಡ ಕಣ್ಣು ಮುಚ್ಚಿ ಸುರಿಯುವಂತಿಲ್ಲ. ಹಳೆಯ, ಕಳಿತ ಗೊಬ್ಬರ ವಿಷವನ್ನು ಹಿಡಿದರೆ, ಹಸಿ ಗೊಬ್ಬರದಿಂದ ನೀರಿಗೆ ಕರಗಿ ಬರುವ ಅಂಶಗಳು ಕೆಲವೊಮ್ಮೆ ವಿಷವನ್ನು ತಮ್ಮೊಂದಿಗೆ ಕೆಳಕ್ಕೆ ಒಯ್ಯುವುದೂ ಉಂಟು.

ಎರಡನೆಯದಾಗಿ, ಇವುಗಳಲ್ಲಿ ಹೆಚ್ಚಿನವು ವಿಷವನ್ನು ತೆಗೆದುಹಾಕುವ ಕ್ರಮಗಳಲ್ಲ, ಹಿಡಿದಿಡುವ ಕ್ರಮಗಳು. ಸುಣ್ಣ ಹಾಕಿದ ಮಣ್ಣಿನಲ್ಲಿ ತಾಮ್ರವಿದೆ. ಇದ್ದಿಲು ಬೆರೆತ ಮಣ್ಣಿನಲ್ಲಿ ಡೈಎಲ್ಡ್ರಿನ್ ಇದೆ. ಚಿಕಿತ್ಸೆ ಮುಗಿಯಿತೆಂದು ಮರೆತರೆ ಹುಳಿ ಮರಳುತ್ತದೆ, ಮಣ್ಣು ಅಗೆಯಲ್ಪಡುತ್ತದೆ, ಹಿಡಿತ ಸಡಿಲುತ್ತದೆ. ಆದ್ದರಿಂದ ಇಂತಹ ಚಿಕಿತ್ಸೆಗೆ ರಸಾಯನದಷ್ಟೇ ನೆನಪೂ ಬೇಕು.

ಇದು ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ತತ್‌ಕ್ಷಣದ ಮಾತು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಜಾಗದಲ್ಲಿ ನೆಲಮಾಳಿಗೆಗಾಗಿ ಅಗೆದ ಮಣ್ಣು ಲಾರಿಗಳಲ್ಲಿ ಹೊರಹೋಗಿ ಎಲ್ಲಿಯೋ ಹಳ್ಳ ತುಂಬಲು, ಸೈಟು ಎತ್ತರಿಸಲು, ಗಿಡದ ಕುಂಡಗಳಿಗೆ ಹಾಕಲು ಬಳಕೆಯಾಗುತ್ತದೆ. ಯಾವ ಗೋಡೆಯ ಬುಡಕ್ಕೆ ಯಾವ ವರ್ಷ ಯಾವ ಮದ್ದು ಇಳಿದಿತ್ತೆಂಬುದನ್ನು ಬಲ್ಲ ಹಿರಿಯರು ಮನೆಗಳಿಗಿಂತ ಮುನ್ನವೇ ಇಲ್ಲವಾಗುತ್ತಿದ್ದಾರೆ. ಇನ್ನೊಂದೆಡೆ, ನೀರಿನ ಅಭಾವದಿಂದಾಗಿ ಮುಚ್ಚಿದ ಹಿತ್ತಿಲ ಬಾವಿಗಳನ್ನು ಮತ್ತೆ ತೆರೆದು ಮಳೆನೀರು ಇಂಗಿಸುವ ಸ್ತುತ್ಯರ್ಹ ಕೆಲಸವೂ ನಡೆದಿದೆ. ಬಾವಿ ತೆರೆಯುವ ಮುನ್ನ ಮನೆಯ ಹಿರಿಯರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಗೋಡೆಯ ಬುಡಕ್ಕೆ ಗೆದ್ದಲಿನ ಮದ್ದು ಯಾವಾಗ ಹಾಕಿಸಿದ್ದಿರಿ? ಉತ್ತರ ದೊರೆತಲ್ಲಿ ಮಣ್ಣನ್ನೂ ನೀರನ್ನೂ ಪರೀಕ್ಷೆಗೆ ಕಳುಹಿಸಬಹುದು.

7. ಸಮಾರೋಪ

ಅಜ್ಜಿಯ ನಂಬಿಕೆ ಮೂಢವಾದುದಲ್ಲ ಎಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುತ್ತದೆ. ಅಡಿಕೆ ತೋಟದ ಕೊನೆಗಾರ ಕತ್ತಿ ಅದ್ದಿ ನೋಡುತ್ತಿದ್ದ. ಸುಣ್ಣ ಸಾಕೆ ಸಾಲದೆ ಎಂದು ಪ್ರತಿ ಸಲ ಪರೀಕ್ಷಿಸುತ್ತಿದ್ದ. ನಮ್ಮ ಹಿತ್ತಿಲಿಗೆ ಬರುವಷ್ಟರಲ್ಲಿ ಸುಣ್ಣ ಉಳಿದಿತ್ತು, ಕತ್ತಿ ಕಳೆದುಹೋಗಿತ್ತು. ಪರೀಕ್ಷೆಯಿಂದ ಬೇರ್ಪಟ್ಟ ಮದ್ದು ಬರಿಯ ಸಮಾಧಾನವಾಗಿ ಉಳಿಯಿತು. ತೋಟದಲ್ಲಿ ಒಟ್ಟಿಗಿದ್ದ ಇವೆರಡನ್ನು ಮತ್ತೆ ಕೂಡಿಸುವುದರಲ್ಲಿ, ಯಾವ ಮಣ್ಣಿಗೆ ಯಾವ ವಿಷ ಬಿದ್ದಿದೆ ಎಂಬ ಜನರ ನೆನಪನ್ನು ದಾಖಲಿಸುವುದರಲ್ಲಿ ಜಾನಪದ ಕ್ಷೇತ್ರಕಾರ್ಯಕ್ಕೆ ಮಾಡಲು ಕೆಲಸವಿದೆ. ಚಾಮರಾಜಪೇಟೆಯ ಆ ಮನೆ ಈಗಿಲ್ಲ, ಬಾವಿಯೂ ಇಲ್ಲ. ಅಡಿಪಾಯ ತೋಡಿದ ಮಣ್ಣನ್ನು ಒಂದೇ ರಾತ್ರಿಯಲ್ಲಿ ಲಾರಿಗಳು ಒಯ್ದವು. ಅದು ಎಲ್ಲಿಗೆ ಹೋಯಿತೆಂದು ಕೇಳಬೇಕೆಂಬುದು ಆಗ ನನಗೂ ಹೊಳೆಯಲಿಲ್ಲ.